ಗ್ರಾಮಾಂತರ: ಒಂದು ಜಿಲ್ಲೆಯ ಚರಿತ್ರೆ, ಜನ ಮತ್ತು ಆಡಳಿತ



1. ಹೆಸರಿನಲ್ಲಿ ಏನಿದೆ

ಸಂಸ್ಕೃತದಲ್ಲಿ ‘ಅಂತರ’ ಎಂಬ ಪದ ಸಮಾಸದ ಕೊನೆಯಲ್ಲಿ ಬಂದರೆ ‘ಬೇರೆಯದು’ ಎಂಬ ಅರ್ಥ ಬರುತ್ತದೆ. ದೇಶಾಂತರವೆಂದರೆ ಬೇರೆ ದೇಶ, ಜನ್ಮಾಂತರವೆಂದರೆ ಬೇರೆ ಜನ್ಮ. ಈ ಲೆಕ್ಕದಲ್ಲಿ ಗ್ರಾಮಾಂತರವೆಂದರೆ ಬೇರೊಂದು ಊರು. ನಮ್ಮ ಕಚೇರಿಗಳ ಕನ್ನಡ ಈ ಪದವನ್ನು ಹಳ್ಳಿಗಾಡು ಎಂಬ ಅರ್ಥದಲ್ಲಿ ರೂಢಿಗೆ ತಂದಿತು. ಪೊಲೀಸ್ ಠಾಣೆಯ ಫಲಕದಿಂದ ಜಿಲ್ಲೆಯ ಹೆಸರಿನವರೆಗೆ ಅದೇ ನಿಂತಿತು. ಆದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಟ್ಟಿಗೆ ಪದದ ಹಳೆಯ ಅರ್ಥವೇ ನಿಜವಾದದ್ದು ವಿಚಿತ್ರ. 1986ರಲ್ಲಿ ಹುಟ್ಟಿದ ಆ ಜಿಲ್ಲೆಯ ಆಡಳಿತ ಸುಮಾರು ಮೂರು ದಶಕ ಕಾಲ ನಡೆದದ್ದು ಬೇರೊಂದು ಊರಿನಿಂದ: ಬೆಂಗಳೂರು ನಗರದ ಡಾ. ಅಂಬೇಡ್ಕರ್ ವೀಧಿಯಲ್ಲಿರುವ ವಿಶ್ವೇಶ್ವರಯ್ಯ ಗೋಪುರದ ಪೋಡಿಯಂ ಬ್ಲಾಕ್‌ನಿಂದ. ದೊಡ್ಡಬಳ್ಳಾಪುರದ ನೇಕಾರನಾಗಲಿ, ಹೊಸಕೋಟೆಯ ರೈತನಾಗಲಿ, ತನ್ನ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ತನ್ನ ಜಿಲ್ಲೆಯನ್ನೇ ದಾಟಬೇಕಿತ್ತು.

ಹೆಸರಿನ ಗೊಂದಲ ಅಲ್ಲಿಗೇ ನಿಲ್ಲುವುದಿಲ್ಲ. 2008ರ ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ‘ಬೆಂಗಳೂರು ಗ್ರಾಮಾಂತರ’ ಎಂಬ ಲೋಕಸಭಾ ಕ್ಷೇತ್ರವಿದೆ. ಅದರಲ್ಲಿ ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣ, ಕುಣಿಗಲ್, ಆನೇಕಲ್ ಇವೆ, ರಾಜರಾಜೇಶ್ವರಿನಗರವೂ ಇದೆ. ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಾದ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳಲ್ಲಿ ಒಂದೂ ಇಲ್ಲ. ಅವು ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ಸೇರಿವೆ. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟ ಈ ಜಿಲ್ಲೆಯನ್ನು ‘ಬೆಂಗಳೂರು ಉತ್ತರ’ ಎಂದು ಕರೆಯಲು ತೀರ್ಮಾನಿಸಿತು. ರಾಮನಗರ ಜಿಲ್ಲೆ ಅದಕ್ಕೂ ಮೊದಲು, ಅದೇ ವರ್ಷದ ಮೇ ತಿಂಗಳಲ್ಲಿ, ‘ಬೆಂಗಳೂರು ದಕ್ಷಿಣ’ವಾಗಿತ್ತು. ಮೊದಲ ಹೆಸರು ‘ನಗರವಲ್ಲದ್ದು’ ಎಂದಿತು. ಎರಡನೆಯದು ‘ನಗರಕ್ಕೆ ಬಡಗಲು’ ಎನ್ನುತ್ತದೆ. ಎರಡರಲ್ಲೂ ನೋಡುವವನು ನಗರದಲ್ಲೇ ನಿಂತಿದ್ದಾನೆ.

ಒಂದು ಜಿಲ್ಲೆಯನ್ನು ಅದರೊಳಗೆ ನಿಂತು ನೋಡಿದರೆ ಏನು ಕಾಣುತ್ತದೆ ಎಂಬುದು ಈ ಉಪನ್ಯಾಸದ ಪ್ರಶ್ನೆ. ಜಿಲ್ಲೆಯ ಚರಿತ್ರೆ, ಜನ, ಆಡಳಿತ ಎಂದು ಗೆಜೆಟಿಯರ್‌ಗಳು ಬೇರೆ ಬೇರೆ ಅಧ್ಯಾಯ ಮಾಡಿಕೊಳ್ಳುತ್ತವೆ. ಆ ಮೂರನ್ನೂ ಹೊಲೆದಿರುವ ದಾರವೊಂದಿದೆ, ಅದು ಲೆಕ್ಕ: ನೆಲದ ಲೆಕ್ಕ, ನೀರಿನ ಲೆಕ್ಕ. ಲೆಕ್ಕವನ್ನು ಬರೆಯುವವರು ಯಾರು, ಅದನ್ನು ಓದಿ ಪ್ರಶ್ನಿಸುವವರು ಯಾರು ಎಂಬುದರ ಮೇಲೆ ಜಿಲ್ಲೆಯೊಂದು ಯಾರದು ಎಂಬುದು ತೀರ್ಮಾನವಾಗುತ್ತದೆ ಎಂಬುದು ನನ್ನ ವಾದ.

2. ರಾಜಧಾನಿಯಾಗಿದ್ದ ಹಳ್ಳಿ

ನಗರ ಕೇಂದ್ರ, ಹಳ್ಳಿ ಅಂಚು ಎಂಬ ಭಾವನೆ ಈ ಪ್ರದೇಶದಲ್ಲಿ ಬಹಳ ಹಳೆಯದಲ್ಲ. ನೆಲಮಂಗಲ ತಾಲ್ಲೂಕಿನಲ್ಲಿ ಮಣ್ಣೆ ಎಂಬ ಊರಿದೆ. ಶಾಸನಗಳ ಮಾನ್ಯಪುರ ಅದೇ. ಎಂಟನೆಯ ಶತಮಾನದಲ್ಲಿ, ಗಂಗರ ಶ್ರೀಪುರುಷನ ಕಾಲದಲ್ಲಿ, ಅದು ರಾಜನ ಬೀಡು. ಇಂದು ಬೆಂಗಳೂರೆಂದು ನಾವು ಕರೆಯುವ ಜಾಗದಲ್ಲಿ ಆಗ ಇದ್ದದ್ದು ಕೆಲವು ಹಳ್ಳಿಗಳು. ಗಂಗವಾಡಿ ತೊಂಬತ್ತಾರು ಸಾವಿರವೆಂಬ ನಾಡಿನ ಕಣ್ಣಿಗೆ ಮಣ್ಣೆ ಕೇಂದ್ರ, ಬೆಂಗಳೂರು ಅಂಚು.

ಬೆಂಜಮಿನ್ ಲೂಯಿಸ್ ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟ ಹಳೆಯ ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲು. ಅದನ್ನು ತಿರುವಿದರೆ ಯುದ್ಧಗಳಷ್ಟೇ ಕೆರೆಗಳೂ ಎದುರಾಗುತ್ತವೆ. ಕೆರೆ ಕಟ್ಟಿಸಿದವನಿಗೆ ಕೊಟ್ಟ ಗದ್ದೆ, ಕೆರೆಯ ಕೆಳಗಿನ ಫಸಲಿನಲ್ಲಿ ತೆಗೆದಿಡುವ ಬಿತ್ತುವಟ್ಟ, ಏರಿಯ ದುರಸ್ತಿಗೆ ಬಿಟ್ಟ ಕಟ್ಟುಕೊಡಗೆ ಇವೆಲ್ಲ ಈ ಸೀಮೆಯ ಶಾಸನಗಳ ಪರಿಭಾಷೆ. ತುರು ಕಾಯುತ್ತ ಸತ್ತವನಿಗೆ ವೀರಗಲ್ಲು ನಿಂತಂತೆ, ನೀರು ನಿಲ್ಲಿಸಿದವನಿಗೆ ಶಾಸನ ನಿಲ್ಲುತ್ತಿತ್ತು. ಮಳೆ ಕಡಿಮೆಯ, ಜೀವನದಿಯಿಲ್ಲದ, ಏರಿಳಿತದ ಈ ಮೈದಾನದಲ್ಲಿ ಬೇರೆ ದಾರಿಯೂ ಇರಲಿಲ್ಲ. ಆಡಳಿತವೆಂಬುದು ಇಲ್ಲಿ ಶುರುವಾದದ್ದೇ ನೀರನ್ನು ನಿಲ್ಲಿಸಿ ಹಂಚುವ ಕೆಲಸವಾಗಿ.

ವಿಜಯನಗರದ ಕಾಲದಲ್ಲಿ ಈ ಭಾಗ ನಾಡಪ್ರಭುಗಳ ಕೈಗೆ ಬಂತು. ಪರಂಪರೆಯ ಪ್ರಕಾರ ಕಂಚಿಯ ಕಡೆಯಿಂದ ಬಂದ ಮೊರಸು ಒಕ್ಕಲಿಗರ ಕುಟುಂಬವೊಂದು ರಣಭೈರೇಗೌಡನ ಮುಂದಾಳುತನದಲ್ಲಿ ದೇವನಹಳ್ಳಿಯ ಹತ್ತಿರದ ಆವತಿಯಲ್ಲಿ ನೆಲೆನಿಂತಿತು. ಅಲ್ಲಿಂದ ಕವಲೊಡೆದ ಮನೆತನಗಳು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕಗಳನ್ನು ಆಳಿದವು. ದೇವನದೊಡ್ಡಿಯೆಂಬ ಹಳ್ಳಿಯಲ್ಲಿ ಮಲ್ಲಭೈರೇಗೌಡ 1501ರಲ್ಲಿ ಕೋಟೆ ಕಟ್ಟಿದನೆಂದೂ ಅದೇ ದೇವನಹಳ್ಳಿಯಾಯಿತೆಂದೂ ಗೆಜೆಟಿಯರ್‌ಗಳು ಹೇಳುತ್ತವೆ. ಹೊಸಕೋಟೆ ಸುಗಟೂರಿನ ಪಾಳೆಯಗಾರರದು. ಯಲಹಂಕದ ಕವಲಿನ ಕೆಂಪೇಗೌಡ ಬೆಂಗಳೂರು ಪೇಟೆ ಕಟ್ಟಿದ. ಹಾಗೆ ನೋಡಿದರೆ ಬೆಂಗಳೂರು ನಗರ ಗ್ರಾಮಾಂತರದ ಕೂಸು. ಆವತಿಗೆ ಕೂಗಳತೆಯ ದೂರದಲ್ಲೇ ಎನ್ನಬಹುದಾದ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡನ ಹೆಸರಿಟ್ಟಾಗ, ಆ ಹೆಸರು ತನ್ನ ಮೂಲದ ನೆಲಕ್ಕೇ ಮರಳಿತ್ತು.

1749ರಲ್ಲಿ ಮೈಸೂರಿನ ಸೇನೆ ದೇವನಹಳ್ಳಿಯನ್ನು ಮುತ್ತಿತು. ಹೈದರಾಲಿ ಎಂಬ ಸಾಮಾನ್ಯ ಸೈನಿಕ ದರಬಾರಿನ ಕಣ್ಣಿಗೆ ಬಿದ್ದದ್ದು ಆ ಮುತ್ತಿಗೆಯಲ್ಲಿ. ಅವನ ಮಗ ಟಿಪ್ಪು ಹುಟ್ಟಿದ್ದೂ ದೇವನಹಳ್ಳಿಯಲ್ಲೇ. 1791ರಲ್ಲಿ ಕಾರ್ನ್‌ವಾಲಿಸ್‌ನ ದಂಡು ಆ ಕೋಟೆಯನ್ನು ಹಿಡಿಯಿತು. ಟಿಪ್ಪು ಮಡಿದ ಮರುವರ್ಷವೇ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಈ ಸೀಮೆಯಲ್ಲಿ ಸಂಚರಿಸಿದ. ಯಾವ ಮಣ್ಣಿಗೆ ಯಾವ ಬಿತ್ತನೆ, ಯಾವ ಜಾತಿಗೆ ಯಾವ ಕಸುಬು, ಕಣದಲ್ಲಿ ರಾಶಿಯಾದ ಧಾನ್ಯದಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಪಾಲು ಎಂದು ಕೇಳಿ ಬರೆದುಕೊಂಡ. ಕೋಟೆ ಗೆದ್ದವರು ಮರುಗಳಿಗೆಯಲ್ಲೇ ಕಣದ ಲೆಕ್ಕ ಕೇಳಿದರು. ಆಧುನಿಕ ಜಿಲ್ಲಾಡಳಿತದ ಬೀಜ ಆ ಪ್ರಶ್ನೆಯಲ್ಲಿದೆ.

3. ಜನ

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 9,90,923. ನಾಲ್ಕರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಜನ ಮಾತ್ರ ಪಟ್ಟಣವಾಸಿಗಳು. ಹೆಸರಿಗೆ ತಕ್ಕಂತೆ ಹಳ್ಳಿಗಳ ಜಿಲ್ಲೆಯೇ. ಆದರೆ ಇದನ್ನು ಬೇಸಾಯಗಾರರ ಜಿಲ್ಲೆ ಎಂದಷ್ಟೇ ಬಗೆದರೆ ಅರ್ಧ ಸತ್ಯವಾಗುತ್ತದೆ.

ಮೊರಸು ಒಕ್ಕಲಿಗರು ರಾಗಿಯನ್ನೂ, ತಿಗಳರು ತೋಟದ ಬೆಳೆಯನ್ನೂ, ಕುರುಬರು ಕುರಿಯನ್ನೂ ನೆಚ್ಚಿದರು. ಭೋವಿಗಳು ಬಾವಿ ತೋಡಿದರು, ಕಲ್ಲು ಒಡೆದರು. ದೇವಾಂಗರೂ ಪದ್ಮಶಾಲಿಗಳೂ ದೊಡ್ಡಬಳ್ಳಾಪುರವನ್ನು ಮಗ್ಗದ ಊರು ಮಾಡಿದರು. ಇಂದು ಅಲ್ಲಿ ಕೈಮಗ್ಗದ ಜಾಗದಲ್ಲಿ ವಿದ್ಯುತ್ ಮಗ್ಗಗಳ ಸದ್ದು. ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆಗೂಡಿನ, ನೂಲು ಬಿಚ್ಚಾಣಿಕೆಯ ಊರು. ಅಲ್ಲಿನ ಮುಸ್ಲಿಂ ಕುಟುಂಬಗಳಿಲ್ಲದೆ ಆ ಕಸುಬಿನ ಚರಿತ್ರೆ ಬರೆಯಲಾಗದು. ಹಿಪ್ಪುನೇರಳೆ ಸೊಪ್ಪು ಬೆಳೆಯುವವನಿಂದ ಹುಳು ಸಾಕುವವಳಿಗೆ, ಗೂಡಿನ ಮಾರುಕಟ್ಟೆಗೆ, ಬಿಚ್ಚಾಣಿಕೆಯವನಿಗೆ, ಮಗ್ಗಕ್ಕೆ ಹೀಗೆ ಒಂದು ಎಳೆ ಹಲವು ಜಾತಿಮತಗಳನ್ನು ದಾಟಿ ಬರುತ್ತದೆ. ನಡುವೆ ಒಬ್ಬನ ಕೈ ತಪ್ಪಿದರೂ ಉಳಿದವರ ಒಲೆ ಉರಿಯದು.

ಭಾಷೆಯ ಮಟ್ಟಿಗೂ ಇದು ಸಂಗಮ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ರೇಷ್ಮೆ ಮಾರುಕಟ್ಟೆಯಲ್ಲಿ ಉರ್ದು ಬೆರೆತ ಕನ್ನಡ ಎಂಬುದು ಇಲ್ಲಿ ಯಾರಿಗೂ ಸೋಜಿಗವಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ, ಶಿವಗಂಗೆಯ ಬೆಟ್ಟಕ್ಕೆ ಬರುವವರ ಸೀಮೆ ಜಿಲ್ಲೆಯ ಗಡಿಯೊಳಗೆ ನಿಲ್ಲುವಂಥದ್ದಲ್ಲ. ದೇವನಹಳ್ಳಿಯ ಚಕ್ಕೋತಕ್ಕೂ, ಬೆಂಗಳೂರು ನೀಲಿ ದ್ರಾಕ್ಷಿಗೂ, ಗುಲಾಬಿ ಈರುಳ್ಳಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಕೊನೆಯ ಎರಡರ ಹೆಸರಿನಲ್ಲಿ ಬೆಂಗಳೂರಿದ್ದರೂ ಬೆಳೆಯುವ ಮಣ್ಣು ಈ ಸುತ್ತಿನ ಹಳ್ಳಿಗಳದು.

ಈ ಜನಜೀವನವನ್ನು ವರ್ಣಿಸುವಾಗ ಅಂಚಿನಲ್ಲಿ ಉಳಿದವರನ್ನು ಮರೆಯಬಾರದು. ದೇವನಹಳ್ಳಿ, ನೆಲಮಂಗಲ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲಾಗಿರುವುದು ಇಲ್ಲಿನ ದಲಿತರ ಸಂಖ್ಯಾಬಲದ ಸೂಚನೆ. ಅವರ ಹಿರಿಯರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆಯಾಗದಿರಲೆಂದು 1978ರಲ್ಲಿ ಒಂದು ಕಾಯ್ದೆಯೇ ಬಂತು. ನಗರದ ಭೂಮಿಯ ಬೆಲೆ ಹಳ್ಳಿಗೆ ತಾಗಿದ ಕಡೆಯಲ್ಲೆಲ್ಲ ಮೊದಲು ಕೈಬಿಡುವುದು ಅಂಥ ಜಮೀನು ಎಂಬುದನ್ನು ಕಂದಾಯ ನ್ಯಾಯಾಲಯಗಳ ಕಡತಗಳು ಹೇಳುತ್ತವೆ.

4. ಪಂಜಾಬಿನ ನಂಟು

ಜನರಿಂದ ಆಡಳಿತಕ್ಕೆ ಬರೋಣ. ನಮ್ಮ ರಾಜ್ಯದಲ್ಲೇ ಒಂದು ಭೇದವನ್ನು ಗಮನಿಸಿರಬಹುದು. ಧಾರವಾಡ, ಮಂಗಳೂರು ಕಡೆಯ ಹಿರಿಯರು ಜಿಲ್ಲೆಯ ಮುಖ್ಯಸ್ಥರನ್ನು ‘ಕಲೆಕ್ಟರ್ ಸಾಹೇಬರು’ ಎನ್ನುತ್ತಿದ್ದರು. ಹಳೆ ಮೈಸೂರಿನವರಿಗೆ ಅವರು ಎಂದಿಗೂ ‘ಡಿ.ಸಿ.’ ಇದು ಬರಿಯ ರೂಢಿಯ ಭೇದವಲ್ಲ. ಕಂಪನಿ ಸರ್ಕಾರದ ರೆಗ್ಯುಲೇಷನ್‌ಗಳು ಜಾರಿಯಲ್ಲಿದ್ದ ಮದ್ರಾಸ್, ಮುಂಬಯಿ ಪ್ರಾಂತ್ಯಗಳಲ್ಲಿ ಆ ಅಧಿಕಾರಿ ಕಲೆಕ್ಟರ್. ಆ ಕಟ್ಟಳೆಗಳ ಹೊರಗೆ ಕಮಿಷನರ್ ಆಳ್ವಿಕೆ ಇದ್ದ ಸೀಮೆಗಳಲ್ಲಿ ಡೆಪ್ಯುಟಿ ಕಮಿಷನರ್. 1849ರಲ್ಲಿ ಕಂಪನಿಗೆ ಸೇರಿದ ಪಂಜಾಬ್ ಆ ಬಗೆಯ ಆಳ್ವಿಕೆಗೆ ಮಾದರಿಯೆನಿಸಿತು. 1831ರಲ್ಲಿ ಮಹಾರಾಜರಿಂದ ಆಡಳಿತ ಕಿತ್ತುಕೊಂಡ ಮೇಲೆ ಮೈಸೂರೂ ಕಮಿಷನ್ನಿನ ಸೀಮೆಯಾಯಿತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್, ಬಳಿಕ ಲೆವಿನ್ ಬೌರಿಂಗ್ ಕಮಿಷನರ್ ಆಗಿದ್ದರು. ಬೌರಿಂಗ್ ಕಾಲದ 1862–63ರ ಪುನರ್ರಚನೆಯಲ್ಲಿ ಮೈಸೂರು ಮೂರು ವಿಭಾಗ, ಎಂಟು ಜಿಲ್ಲೆಯಾಯಿತು. ಬೆಂಗಳೂರು ಜಿಲ್ಲೆ ಕೋಲಾರ, ತುಮಕೂರುಗಳ ಜೊತೆ ನಂದಿದುರ್ಗ ವಿಭಾಗಕ್ಕೆ ಸೇರಿತು. ಪಂಜಾಬಿನ ಒಕ್ಕಲಿಗನೂ ದೇವನಹಳ್ಳಿಯ ಒಕ್ಕಲಿಗನೂ ಒಂದೇ ಹೆಸರಿನ ಹುದ್ದೆಯ ಮುಂದೆ ಅರ್ಜಿ ಹಿಡಿದು ನಿಂತದ್ದು ಹೀಗೆ.

ಹುದ್ದೆಯ ಹೆಸರು ಒಂದೇ ಆದರೂ ಅದು ನಿಂತ ತಳಪಾಯ ಬೇರೆ. ಪಂಜಾಬಿನಲ್ಲಿ ಕಂದಾಯಕ್ಕೆ ಹೊಣೆ ಹೊತ್ತದ್ದು ಊರು. ಲಂಬರ್‌ದಾರ ಊರಿನ ಪರವಾಗಿ ಹಣ ಕಟ್ಟಬೇಕು, ಪಟವಾರಿ ಲೆಕ್ಕ ಬರೆಯಬೇಕು, ಹಲವು ಊರುಗಳ ಮೇಲೆ ಜೈಲ್‌ದಾರ ಇರಬೇಕು. ಸೆಟ್ಲ್‌ಮೆಂಟ್ ಸಮಯದಲ್ಲಿ ‘ವಾಜಿಬ್ ಉಲ್ ಅರ್ಜ್’ ಎಂಬ ದಾಖಲೆ ತಯಾರಾಗುತ್ತಿತ್ತು. ಊರಿನ ಸಾಮೂಹಿಕ ನೆಲ, ನೀರಿನ ಸರದಿ, ಕಟ್ಟುಪಾಡು ಅದರಲ್ಲಿ ದಾಖಲಾಗುತ್ತಿದ್ದವು. ಮೈಸೂರಿನಲ್ಲಿ 1863ರಲ್ಲಿ ಆರಂಭವಾದ ಸರ್ವೆ ಮುಂಬಯಿಯ ರೈತವಾರಿ ಪದ್ಧತಿಯನ್ನು ಹಿಡಿಯಿತು. ಅದರಲ್ಲಿ ಸರ್ಕಾರ ಮಾತಾಡುವುದು ಒಬ್ಬೊಬ್ಬ ರೈತನ ಜೊತೆ, ಒಂದೊಂದು ಸರ್ವೆ ನಂಬರಿನ ಬಗ್ಗೆ. ಖುಷ್ಕಿ, ತರಿ, ಬಾಗಾಯ್ತು ಎಂದು ನೆಲ ವಿಂಗಡಣೆಯಾಯಿತು. ಉಳುವವನಿಗೆ ಇದರಿಂದ ಸ್ವತಂತ್ರ ಖಾತೆ ಸಿಕ್ಕಿತು. ಅದು ದೊಡ್ಡ ಲಾಭ. ಆದರೆ ಯಾರೊಬ್ಬರ ಖಾತೆಗೂ ಬಾರದ ನೆಲ, ಅಂದರೆ ಗೋಮಾಳ, ಗುಂಡುತೋಪು, ಕೆರೆಯಂಗಳ, ರಾಜಕಾಲುವೆ, ‘ಸರ್ಕಾರಿ’ ಎಂದಾಯಿತು, ಇಲ್ಲವೇ ‘ಖರಾಬು’ ಎಂದಾಯಿತು. ಊರು ನೂರಾರು ವರ್ಷ ಬಾಳಿಸಿದ್ದ ಸ್ವತ್ತಿಗೆ ಕಡತದಲ್ಲಿ ಊರಿನ ಹೆಸರೇ ಇಲ್ಲ. ಇವತ್ತಿನ ಒತ್ತುವರಿಯ ವ್ಯಾಜ್ಯಗಳ ಬೇರು ಎಷ್ಟೋ ಕಡೆ ಈ ವಿಂಗಡಣೆಯಲ್ಲಿದೆ.

5. ಶಾನುಭೋಗರ ದಫ್ತರ, ನೀರಗಂಟಿಯ ಕೋಲು

ಜಿಲ್ಲೆಗೆ ಡಿ.ಸಿ., ತಾಲ್ಲೂಕಿಗೆ ಅಮಲ್ದಾರ, ಹೋಬಳಿಗೆ ಶೇಕ್‌ದಾರ, ಊರಿಗೆ ಪಟೇಲ ಮತ್ತು ಶಾನುಭೋಗ. ಇದು ಹಳೆ ಮೈಸೂರಿನ ಏಣಿ. ಅದರ ಕೆಳಗಿನ ಮೆಟ್ಟಿಲಲ್ಲಿ ತಳವಾರ, ತೋಟಿ, ನೀರಗಂಟಿ. ಪಟೇಲ ಕಂದಾಯ ವಸೂಲಿ ಮಾಡುತ್ತಿದ್ದ, ಶಾನುಭೋಗ ಲೆಕ್ಕ ಬರೆಯುತ್ತಿದ್ದ, ತೋಟಿ ಗಡಿ ತೋರಿಸುತ್ತಿದ್ದ. ನೀರಗಂಟಿ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುತ್ತಿದ್ದ. ಬರಗಾಲದಲ್ಲಿ ಅವನ ಮಾತನ್ನು ಪಟೇಲನೂ ಮೀರುವಂತಿರಲಿಲ್ಲ. ಕೂಲಿ ಬದಲು ಇವರಿಗೆ ಇನಾಂ ನೆಲ, ಇಲ್ಲವೇ ಕಣದಲ್ಲಿ ಆಯ.

ಈ ವ್ಯವಸ್ಥೆಯನ್ನು ಹೊಗಳಿ ಕೂರುವುದು ಸಲ್ಲದು. ಹುದ್ದೆಗಳು ವಂಶಪಾರಂಪರ್ಯ, ಅಂದರೆ ಜಾತಿಗೆ ಕಟ್ಟಿದವು. ಲೆಕ್ಕ ಬರೆಯುವ ಕೈಗೂ ತೂಬು ಎತ್ತುವ ಕೈಗೂ ನಡುವೆ ಅಸ್ಪೃಶ್ಯತೆಯ ಗೋಡೆ ಇತ್ತು. ಬಹಳ ಊರುಗಳಲ್ಲಿ ತೋಟಿ, ನೀರಗಂಟಿ ಕೆಲಸ ದಲಿತ ಕುಟುಂಬಗಳದು, ಬಿಟ್ಟಿ ಚಾಕರಿಯೂ ಅವರದೇ. ಶಾನುಭೋಗರ ದಫ್ತರದಲ್ಲಿ ಏನಿದೆಯೆಂದು ಓದಲು ಬಾರದ ರೈತನಿಗೆ ತಿಳಿಯುತ್ತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯ ಮುಗಿಯಿತು. ಸಂಬಳದ ಗ್ರಾಮಲೆಕ್ಕಿಗ ಬಂದ. ಅದು ನ್ಯಾಯದ ಹೆಜ್ಜೆ.

ಆದರೆ ಹುದ್ದೆ ಹೋದಾಗ ಅದರ ಜೊತೆಗಿದ್ದ ಅರಿವೂ ಹೋಯಿತು. ಶಾನುಭೋಗನ ಜಾಗಕ್ಕೆ ಗ್ರಾಮಲೆಕ್ಕಿಗ ಬಂದ. ನೀರಗಂಟಿಯ ಜಾಗಕ್ಕೆ ಯಾರೂ ಬರಲಿಲ್ಲ. ಕೆರೆ ಹಲವು ಇಲಾಖೆಗಳ ಪಾಲಾಯಿತು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆಯಿದ್ದರೆ ಪಂಚಾಯತ್ ವ್ಯವಸ್ಥೆ, ಮೀನಿಗೆ ಮೀನುಗಾರಿಕೆ ಇಲಾಖೆ, ಒತ್ತುವರಿಗೆ ಕಂದಾಯ ಇಲಾಖೆ. ಏರಿಯ ಮೇಲೆ ಬೆಳೆದ ಜಾಲಿಯನ್ನು ಕಡಿಯುವವರು ಮಾತ್ರ ಯಾರೂ ಇಲ್ಲ.

ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಪಹಣಿಯನ್ನು ಗಣಕಯಂತ್ರಕ್ಕೆ ಏರಿಸಿತು. ಕೈಬರಹದ ತಿದ್ದುಪಡಿಗೆ, ಅದರ ಹಿಂದಿನ ಲಂಚಕ್ಕೆ ಕಡಿವಾಣ ಬಿತ್ತು. ಯಾರು ಬೇಕಾದರೂ ಪಹಣಿ ಪಡೆಯಬಹುದಾಯಿತು. ರೈತನ ಪಾಲಿಗೆ ತೆರೆದ ಅದೇ ಬಾಗಿಲು ಜಮೀನು ಹುಡುಕುವವನಿಗೂ ತೆರೆಯಿತು. ಎಲ್ಲಿ ಎಷ್ಟು ಎಕರೆ, ಯಾರ ಹೆಸರಿನಲ್ಲಿ ಎಂದು ಹಳ್ಳಿಗೆ ಕಾಲಿಡದೆಯೇ ತಿಳಿಯುವ ಕಾಲ ಬಂತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79 ಎ, 79 ಬಿ ಕಲಮುಗಳು ರದ್ದಾಗಿ, ಬೇಸಾಯಗಾರರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದ ಮೇಲೆ, ನಗರದ ಬಗಲಿನ ಜಿಲ್ಲೆಯಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

6. ಹುಟ್ಟಿದ ಗಳಿಗೆ

1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆ ಎರಡಾಯಿತು. ಗ್ರಾಮಾಂತರಕ್ಕೆ ಎಂಟು ತಾಲ್ಲೂಕು ಬಂದವು: ಇಂದಿನ ನಾಲ್ಕು, ಜೊತೆಗೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ. 2007ರಲ್ಲಿ ರಾಮನಗರ ಜಿಲ್ಲೆಯಾದಾಗ ಆ ನಾಲ್ಕೂ ಅತ್ತ ಹೋದವು.

ಆ ಹುಟ್ಟಿನ ಹೊತ್ತಿನಲ್ಲಿ ಎರಡು ವಿರುದ್ಧ ಆಶಯಗಳು ಒಟ್ಟಿಗೆ ಕೆಲಸ ಮಾಡುತ್ತಿದ್ದವು. ಮೊದಲನೆಯದು ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಕಾಯ್ದೆ. ಅದರಡಿ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಮಹಿಳೆಯರಿಗೆ ಶೇ. 25 ಮೀಸಲು. ಅರ್ಧ ವರ್ಷವೂ ತುಂಬದ ಹಸುಳೆ ಜಿಲ್ಲೆ ತನ್ನ ಚುನಾಯಿತ ಸರ್ಕಾರವನ್ನು ಪಡೆದುಕೊಂಡಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು 144 ಮಂದಿಯನ್ನು ಸೇರಿಸಿ ಪ್ರಜಾಪ್ರತಿನಿಧಿ ಸಭೆ ಕರೆದಾಗ ತಾಲ್ಲೂಕಿನ ರೈತರು ಮಾಡಬಹುದಾಗಿದ್ದದ್ದು ಅರಿಕೆ. 1987ರಲ್ಲಿ ಅವರ ಕೈಗೆ ಬಂದದ್ದು ಅಧಿಕಾರ.

ಎರಡನೆಯದು 1985ರ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಾಯ್ದೆ. ಆಡಳಿತದಲ್ಲಿ ಬೇರೆಯಾಗಲಿದ್ದ ನಗರ ಮತ್ತು ಗ್ರಾಮಾಂತರಗಳನ್ನು ಯೋಜನೆಯಲ್ಲಿ ಅದು ಒಂದು ಮಾಡಿತು. ಪಂಚಾಯತ್ ಕಾಯ್ದೆ ಜಿಲ್ಲೆಗೆ ಬಾಯಿ ಕೊಟ್ಟಿತು. ಯೋಜನಾ ಕಾಯ್ದೆ ಜಿಲ್ಲೆಯ ನಕ್ಷೆಯನ್ನು ನಗರದ ಮೇಜಿನ ಮೇಲೆ ಹಾಸಿತು. ಅಂದಿನಿಂದ ಇಂದಿನವರೆಗಿನ ಚರಿತ್ರೆಯಲ್ಲಿ ಗೆದ್ದಿರುವುದು ಬಹುಮಟ್ಟಿಗೆ ನಕ್ಷೆ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆ ಬಳಿಕ ರಾಜ್ಯದಾದ್ಯಂತ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಅವನ್ನು ನಡೆಸಿದರು. ಈ ನಡುವೆ ಜಿಲ್ಲಾ ಕಚೇರಿಗಳು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಹೊಸ ಭವನಕ್ಕೆ ಬಂದದ್ದು ನಿಜ. ಕಚೇರಿ ಜಿಲ್ಲೆಯೊಳಗೆ ಬಂತು. ತೀರ್ಮಾನಗಳೂ ಬಂದವೇ?

7. ನೀರಿನ ಲೆಕ್ಕ

ಈ ಉಪನ್ಯಾಸ ನಡೆಯುತ್ತಿರುವ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ನಿಂತು ಈ ಪ್ರಶ್ನೆ ಕೇಳುವುದಕ್ಕೆ ವಿಶೇಷ ಔಚಿತ್ಯವಿದೆ. ಇಲ್ಲಿನ ಕುಮಾರಕೃಪಾ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ನಿವಾಸವಾಗಿತ್ತು. ಅವರ ದಿವಾನಗಿರಿಯಲ್ಲಿ, 1890ರ ದಶಕದಲ್ಲಿ, ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿ ನೀರು ಬಂತು. ಆ ನೀರು ಅರ್ಕಾವತಿಯದು. ನಂದಿಯಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸುತ್ತ ಬರುವ ಹೊಳೆ ಅದು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದ್ದು ಅರ್ಕಾವತಿಯೂ ಶಿವಗಂಗೆಯಿಂದ ಇಳಿಯುವ ಕುಮುದ್ವತಿಯೂ ಕೂಡುವಲ್ಲಿ. 1974ರಲ್ಲಿ ಕಾವೇರಿ ಬರುವ ತನಕ ನಗರದ ನಲ್ಲಿಯಲ್ಲಿ ಹರಿದದ್ದು ಬಹುಪಾಲು ಗ್ರಾಮಾಂತರದ ಮಳೆ.

1927ರಲ್ಲಿ ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಇಳಿದು ಬಂದು ತಂಗಿದ್ದೂ ಇದೇ ಕುಮಾರ ಪಾರ್ಕಿನಲ್ಲಿ. ಅವರು ಎಲ್ಲೆಡೆ ಸಾರಿದ ಗ್ರಾಮಸ್ವರಾಜ್ಯ ಮತ್ತು ಶೇಷಾದ್ರಿ ಅಯ್ಯರ್ ಕಟ್ಟಿದ ಕೊಳಾಯಿ, ಇವೆರಡೂ ನಂದಿಯಿಂದ ಕುಮಾರ ಪಾರ್ಕಿಗೆ ಇಳಿಯುವ ಒಂದೇ ದಾರಿಯಲ್ಲಿವೆ. ಒಂದನ್ನು ನಾವು ಬಳಸಿಕೊಂಡೆವು, ಇನ್ನೊಂದನ್ನು ಸ್ಮರಿಸಿಕೊಂಡೆವು.

ಜಲಾನಯನ ಪ್ರದೇಶವನ್ನು ಕಾಯಲು 2003ರಲ್ಲಿ ಸರ್ಕಾರ ನಿರ್ಬಂಧ ವಿಧಿಸಿತು. 2019ರಲ್ಲಿ ಅದನ್ನು ಸಡಿಲಿಸಿತು. ನೀಲಗಿರಿ ತೋಪು, ಕೊಳವೆಬಾವಿ, ಬಡಾವಣೆ, ಮುಚ್ಚಿದ ರಾಜಕಾಲುವೆ ಎಲ್ಲ ಸೇರಿ ಅರ್ಕಾವತಿ ಹೆಸರಿಗೆ ಮಾತ್ರ ಹೊಳೆಯಾಯಿತು. ಈಗ ನೀರು ತಿರುಗಿ ಬರುತ್ತಿದೆ, ಬೇರೆ ರೂಪದಲ್ಲಿ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ನಗರದ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಕೆರೆಗಳಿಗೆ ಏರಿಸುತ್ತದೆ. ಯೋಜನೆಯ ಗಾತ್ರ ದಿನಕ್ಕೆ 210 ದಶಲಕ್ಷ ಲೀಟರ್, ಕೆರೆಗಳು 65. ಒಣಗಿದ್ದ ಕೊಳವೆಬಾವಿಗಳಿಗೆ ಜೀವ ಬಂದದ್ದನ್ನು ಕೃತಜ್ಞತೆಯಿಂದ ಹೇಳುವ ರೈತರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣ ಆಗಲೇಬೇಕೆಂದು ಹಟ ಹಿಡಿದವರೂ ಅದೇ ರೈತರು. ಕುಡಿಯುವ ನೀರು ಕೊಟ್ಟವರಿಗೆ ಬಳಸಿದ ನೀರು ವಾಪಸು ಬರುವಾಗ, ಅದು ಎಷ್ಟು ಶುದ್ಧವಿರಬೇಕೆಂದು ಹೇಳುವ ಹಕ್ಕು ಪಡೆಯುವವರಿಗಿಲ್ಲದೆ ಮತ್ತಾರಿಗಿದೆ? ಈ ನೀರಿಗೆ ಇಂದು ಗುತ್ತಿಗೆದಾರರಿದ್ದಾರೆ, ಎಂಜಿನಿಯರರಿದ್ದಾರೆ. ಬೇಕಿರುವುದು ಒಬ್ಬ ನೀರಗಂಟಿ: ಜಾತಿಯಿಂದ ಹುಟ್ಟಿದವನಲ್ಲ, ಗ್ರಾಮಸಭೆ ನೇಮಿಸಿದವನು, ಗ್ರಾಮಸಭೆಗೆ ಉತ್ತರ ಹೇಳುವವನು.

8. ನೆಲದ ಲೆಕ್ಕ

2008ರ ಮೇ 24ರಂದು ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಸುಮಾರು 4,000 ಎಕರೆ ಅದರ ವಿಸ್ತಾರ. ಉಪನಗರ ವರ್ತುಲ ರಸ್ತೆ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಒಂದೇ ಸೂತ್ರದಲ್ಲಿ ಕಟ್ಟಿತು. ಉದ್ಯೋಗ ಬಂತು, ಬೆಲೆ ಏರಿತು. ಪರಿಹಾರದ ಹಣದಿಂದ ಬದುಕು ಕಟ್ಟಿಕೊಂಡವರಿದ್ದಾರೆ, ಹಣ ಕರಗಿದ ಮೇಲೆ ತಮ್ಮದೇ ಹೊಲವಿದ್ದ ಜಾಗದಲ್ಲಿ ಕಾವಲುಗಾರರಾದವರೂ ಇದ್ದಾರೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಮುಂದಾಯಿತು. 2022ರ ಏಪ್ರಿಲ್‌ನಲ್ಲಿ ಅಲ್ಲಿನ ರೈತರು ಧರಣಿ ಕೂತರು. ದ್ರಾಕ್ಷಿ, ರೇಷ್ಮೆ, ತರಕಾರಿ, ಹಾಲು ಇವುಗಳಿಂದ ಬದುಕುತ್ತಿದ್ದ ಸಣ್ಣ ಹಿಡುವಳಿಗಳು ಅವು. ಕಾಯ್ದೆಯ ಪ್ರಕಾರ ನೋಟಿಸು ಬಂದಿತ್ತು, ಪಹಣಿಯಲ್ಲಿ ಹೆಸರುಗಳಿದ್ದವು, ನಕ್ಷೆ ಸಿದ್ಧವಿತ್ತು. ಆ ನೆಲದಿಂದ ಎಷ್ಟು ಮಂದಿಗೆ ಅನ್ನ ಹುಟ್ಟುತ್ತದೆ ಎಂಬ ಲೆಕ್ಕ ಮಾತ್ರ ಯಾವ ಕಡತದಲ್ಲೂ ಕಾಣದೆ, ಅದನ್ನು ರೈತರೇ ಮುಂದಿಡಬೇಕಾಯಿತು. ಮೂರು ವರ್ಷಕ್ಕೂ ಮೀರಿದ ಹೋರಾಟದ ಬಳಿಕ, 2025ರ ಜುಲೈ 15ರಂದು, ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ತಾವಾಗಿ ಕೊಡಲು ಬಂದವರ ಜಮೀನನ್ನು ಮಾತ್ರ ಕೊಳ್ಳಲಾಗುವುದು ಎಂದರು.

ಜಿಲ್ಲೆಯ ಹೆಸರು ಬದಲಾದದ್ದೂ ನೆಲ ಉಳಿದದ್ದೂ ಒಂದೇ ತಿಂಗಳಲ್ಲಿ, ಹದಿಮೂರು ದಿನಗಳ ಅಂತರದಲ್ಲಿ. ಹೆಸರು ಬದಲಿಸಿದ್ದು ಬೆಟ್ಟದ ಮೇಲೆ ಸೇರಿದ ಸಂಪುಟ. ನೆಲ ಉಳಿಸಿಕೊಂಡದ್ದು ಬಯಲಲ್ಲಿ ಕೂತ ಹೋಬಳಿ. ಕೈಗಾರಿಕೆ ಬೇಕೇ ಬೇಡವೇ ಎಂಬುದು ಇಲ್ಲಿ ನನ್ನ ಚರ್ಚೆಯಲ್ಲ. ಬೇಕೆನ್ನುವವರ ವಾದದಲ್ಲೂ ತೂಕವಿದೆ. ಆ ಪ್ರಶ್ನೆಯನ್ನು ಮೊದಲು ಕೇಳಬೇಕಾದದ್ದು ಗ್ರಾಮಸಭೆಯಲ್ಲಿ, ಅದೂ ನಕ್ಷೆಯ ಮೇಲೆ ಗೆರೆ ಎಳೆಯುವ ಮುಂಚೆ. ಸಾವಿರ ದಿನ ಮೀರಿ ಧರಣಿ ಕೂತು ಪಡೆಯಬೇಕಾದ ಮಾತನ್ನು ಕಾಯ್ದೆಯೇ ಮೊದಲ ದಿನ ಕೇಳುವಂತಿದ್ದರೆ ಅದಕ್ಕೆ ಜಿಲ್ಲಾಡಳಿತ ಎನ್ನಬಹುದಿತ್ತು.

9. ಜಮಾಬಂದಿ

ಒಂದು ಪದದಿಂದ ಮಾತು ಆರಂಭಿಸಿದೆ, ಇನ್ನೊಂದು ಪದದಿಂದ ಮುಗಿಸುತ್ತೇನೆ. ಜಮಾಬಂದಿ ಎಂಬುದು ಕಂದಾಯದ ಹಳೆಯ ಮಾತು. ಪಂಜಾಬಿನಲ್ಲಿ ಇವತ್ತಿಗೂ ಅದು ಜಮೀನಿನ ಹಕ್ಕುದಾಖಲೆಯ ಹೆಸರು. ಹಳೆ ಮೈಸೂರಿನಲ್ಲಿ ವರ್ಷಕ್ಕೊಮ್ಮೆ ಮೇಲಧಿಕಾರಿ ಕ್ಯಾಂಪು ಹೂಡಿ ಊರುಗಳ ಲೆಕ್ಕ ತಪಾಸಣೆ ಮಾಡುತ್ತಿದ್ದ ಕಾರ್ಯಕ್ಕೆ ಈ ಹೆಸರಿತ್ತು. ಅಧಿಕಾರಿ ಕುರ್ಚಿಯಲ್ಲಿ, ಶಾನುಭೋಗ ದಫ್ತರ ಬಿಚ್ಚಿ ನೆಲದ ಮೇಲೆ, ರೈತರು ಮರದ ಕೆಳಗೆ ನಿಂತು.

ಇದೇ ಪದ ಇಂದು ಗ್ರಾಮ ಪಂಚಾಯಿತಿಯಲ್ಲಿ ಉಳಿದಿದೆ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಪಂಚಾಯಿತಿಗಳಲ್ಲಿ ಜಮಾಬಂದಿ ನಡೆಯಬೇಕು. ಹಿಂದಿನ ವರ್ಷದ ಆದಾಯ, ಖರ್ಚು, ಕಾಮಗಾರಿ ಎಲ್ಲವನ್ನೂ ಊರಿನವರ ಮುಂದಿಟ್ಟು ಓದಬೇಕು. ಚರಂಡಿ ಕಟ್ಟಿದೆವೆಂದು ಬರೆದಿದ್ದರೆ ಚರಂಡಿಯ ಬಳಿ ಹೋಗಿ ನೋಡಬಹುದು. ಪದ ಅದೇ, ಅಂದು ಸರ್ಕಾರ ಊರಿನ ಲೆಕ್ಕ ಕೇಳುತ್ತಿತ್ತು, ಇಂದು ಊರು ಸರ್ಕಾರದ ಲೆಕ್ಕ ಕೇಳುತ್ತದೆ. ಎಷ್ಟೋ ಕಡೆ ಅದು ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಾಗಿರುವುದೂ ಉಂಟು. ಆದರೂ ನೂರೈವತ್ತು ವರ್ಷಗಳ ಜಿಲ್ಲಾಡಳಿತದ ಚರಿತ್ರೆಯಲ್ಲಿ ಇಷ್ಟು ದೊಡ್ಡ ತಿರುವು ಇಷ್ಟು ಸಣ್ಣ ನಿಯಮದಲ್ಲಿ ಆದದ್ದು ಮತ್ತೊಂದಿಲ್ಲ.

ಆ ಜಮಾಬಂದಿ ಇಂದು ಚರಂಡಿ, ಬೀದಿದೀಪಗಳ ಲೆಕ್ಕದಲ್ಲಿ ನಿಂತಿದೆ. ಅದು ಹೋಬಳಿಗೆ, ತಾಲ್ಲೂಕಿಗೆ, ಜಿಲ್ಲೆಗೆ ಏರಬೇಕು. ಈ ವರ್ಷ ಎಷ್ಟು ಎಕರೆ ಪರಿವರ್ತನೆಯಾಯಿತು, ಯಾವ ಗೋಮಾಳ ಯಾರಿಗೆ ಹೋಯಿತು, ಯಾವ ಕೆರೆಗೆ ಎಂಥ ನೀರು ಬಂತು ಎಂಬ ಲೆಕ್ಕವನ್ನು ಬೀರಸಂದ್ರದ ಭವನ ಪ್ರತಿವರ್ಷ ನಾಲ್ಕು ತಾಲ್ಲೂಕಿನ ಜನರ ಮುಂದೆ ಗಟ್ಟಿಯಾಗಿ ಓದಲಿ. ಕೇಳುವವರು ಎದ್ದು ಕೇಳಲಿ. ಆ ಓದಿನ ದಿನ ಕುರ್ಚಿಯ ಮೇಲೆ ಕೂರಬೇಕಾದವರು ಮರದ ಕೆಳಗೆ ನಿಂತಿದ್ದವರ ಮೊಮ್ಮಕ್ಕಳು.